ಅತ್ತೆಯ ಉಪವಾಸವೂ ಲಂಡನ್ನಿನ ದೂರವೂ

ವಿಮಾನ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂದು ಲೆಕ್ಕ ಹಾಕಲು ಭೌತಶಾಸ್ತ್ರದ ಪದವಿಯೇ ಬೇಕೆಂದಿಲ್ಲ. ಆದರೆ ಮನೆಯಲ್ಲಿ ಅಂಥದ್ದೊಂದು ಪದವಿ ಇರುವಾಗ, ಅದೂ ಪ್ರಥಮ ದರ್ಜೆಯದ್ದು, ಅದನ್ನು ಚೌಕಟ್ಟಿನಲ್ಲಿ ಧೂಳು ತಿನ್ನಲು ಬಿಡುವುದು ನ್ಯಾಯವೇ? ನಾನು ಕೆಲಸ ಮಾಡುವುದು ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ. ಅಲ್ಲಿ ಭೌತಶಾಸ್ತ್ರಕ್ಕೆ ಇರುವ ಏಕೈಕ ಅವಕಾಶವೆಂದರೆ ಫ್ಯಾನ್ ಯಾಕೆ ತಿರುಗುತ್ತಿಲ್ಲ ಎಂದು ವಿವರಿಸುವುದು. ಹಾಗಾಗಿ ವಿಜ್ಞಾನದ ಸೇವೆ ಮಾಡುವ ಅವಕಾಶ ಮಂಗಳೂರಿನ ಶಕ್ತಿನಗರದ ನಮ್ಮ ಫ್ಲ್ಯಾಟಿನ ಬಾಗಿಲಿಗೇ ಬಂದಾಗ ಅದನ್ನು ನಾನು ಎರಡೂ ಕೈಗಳಿಂದ ಹಿಡಿದುಕೊಂಡೆ. ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇನೆ.

ವಿಷಯ ಇಷ್ಟೇ. ನನ್ನ ಹೆಂಡತಿ ವಿದ್ಯಾಳ ತಂಗಿ ಶುಭಾಳಿಗೆ ಲಂಡನ್ನಿನಲ್ಲಿ ಮಗುವಾಗಿತ್ತು. ಬಾಣಂತನಕ್ಕೆ ಅತ್ತೆ ಹೋಗಬೇಕಿತ್ತು. ಅತ್ತೆ ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ. ಮಾವ ಗಣಪತಿ ದೇವಸ್ಥಾನದ ಅರ್ಚಕರು; ಅವರು ಹೊರಟರೆ ಪೂಜೆಗೆ ಜನವಿಲ್ಲ. ವಿದ್ಯಾ ಶಾಲೆಯ ಟೀಚರ್, ಅವಳಿಗೆ ರಜೆಯಿಲ್ಲ. ಉಳಿದವನು ನಾನು. ಅತ್ತೆಯನ್ನು ಲಂಡನ್ನಿಗೆ ಮುಟ್ಟಿಸಿ, ಹತ್ತು ದಿನ ಇದ್ದು ಹಿಂದಿರುಗುವುದೆಂದು ತೀರ್ಮಾನವಾಯಿತು. ಶುಭಾಳೇ ಟಿಕೆಟ್ ಮಾಡಿ ಕಳಿಸಿದಳು.

ಟಿಕೆಟ್ ಬಂದ ಸಂಜೆ ಅತ್ತೆ, ಮಾವ ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ಮಾವ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ಒಂದು ಚೌಕದ ಮೇಲೆ ಬೆರಳಿಟ್ಟು, "ಛೆ" ಎಂದರು.

"ಎಂತ ಅಪ್ಪ?" ವಿದ್ಯಾ ಕೇಳಿದಳು.

"ಹೊರಡುವ ದಿನ ಸಂಕಷ್ಟಿ."

ಅತ್ತೆ ಸಂಕಷ್ಟಿ ಹಿಡಿಯುವುದೆಂದರೆ ಹುಡುಗಾಟವಲ್ಲ. ಬೆಳಗಿನಿಂದ ನೀರು ಬಿಟ್ಟರೆ ಬೇರೇನೂ ಇಲ್ಲ. ಹಾಲಿಲ್ಲ, ಹಣ್ಣಿಲ್ಲ, ಅವಲಕ್ಕಿಯೂ ಇಲ್ಲ. ರಾತ್ರಿ ಚಂದ್ರ ಹುಟ್ಟಿದ ಮೇಲೆ ಅರ್ಘ್ಯ ಕೊಟ್ಟು ಊಟ. ಮದುವೆಯಾಗಿ ಬಂದಂದಿನಿಂದ ಒಂದೂ ತಪ್ಪಿಸಿಲ್ಲ.

"ಟಿಕೆಟ್ ಮರುದಿನಕ್ಕೆ ಬದಲಾಯಿಸುವ," ಎಂದಳು ವಿದ್ಯಾ. "ಅಮ್ಮನಿಗೆ ಶುಗರ್ ಉಂಟು. ಮನೆಯಲ್ಲಿ ಉಪವಾಸ ಕೂತರೇ ನನಗೆ ಹೆದರಿಕೆ. ಇನ್ನು ಆಕಾಶದಲ್ಲಿ ಎಂತಾದರೂ ಆದರೆ?"

"ಉಪವಾಸ ಮಾತ್ರ ನಾನು ಬಿಡುವುದಿಲ್ಲ," ಎಂದರು ಅತ್ತೆ. "ಬೇಕಾದರೆ ಲಂಡನ್ ಬಿಡ್ತೇನೆ."

ಆಗ ನಾನು ಗಂಟಲು ಸರಿಪಡಿಸಿಕೊಂಡೆ. ಇತಿಹಾಸದಲ್ಲಿ ದೊಡ್ಡ ದೊಡ್ಡ ಅನಾಹುತಗಳೆಲ್ಲ ಯಾರೋ ಒಬ್ಬ ಗಂಟಲು ಸರಿಪಡಿಸಿಕೊಳ್ಳುವುದರಿಂದಲೇ ಆರಂಭವಾಗಿರಬೇಕು.

"ಟಿಕೆಟ್ ಕೊಡಿ ಇಲ್ಲಿ," ಎಂದೆ. ಮುಂಬೈಯಿಂದ ಬೆಳಿಗ್ಗೆ ಏಳಕ್ಕೆ ಹೊರಟು ಲಂಡನ್ನಿಗೆ ಮಧ್ಯಾಹ್ನ ಹನ್ನೆರಡಕ್ಕೆ ತಲುಪುತ್ತದೆ ಎಂದು ಅದರಲ್ಲಿತ್ತು. "ಏಳರಿಂದ ಹನ್ನೆರಡು. ಐದು ಗಂಟೆ! ಅತ್ತೆ ಮಧ್ಯಾಹ್ನಕ್ಕೆ ಮಗಳ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಸಂಜೆ ಮಗುವನ್ನು ಆಡಿಸುತ್ತಾರೆ. ರಾತ್ರಿ ಚಂದ್ರ ಬರುತ್ತಾನೆ, ಊಟ ಮಾಡುತ್ತಾರೆ. ಇದರಲ್ಲಿ ಹೆದರಲಿಕ್ಕೆ ಎಂತ ಉಂಟು?"

ನಾನು ವಿಜ್ಞಾನಿ. ಬರೇ ಟಿಕೆಟ್ ನೋಡಿ ಒಪ್ಪುವವನಲ್ಲ. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಎಂಬುದೂ ನನಗೆ ತಿಳಿದಿತ್ತು. ಹಿಂದೆ ಎಂದ ಮೇಲೆ ಕಳೆಯಬೇಕು. ಐದರಿಂದ ನಾಲ್ಕೂವರೆ ಕಳೆದೆ. ಅರ್ಧ ಗಂಟೆ ಉಳಿಯಿತು! ಮುಂಬೈಯಿಂದ ಲಂಡನ್ನಿಗೆ ಅರ್ಧ ಗಂಟೆ! ಸಂಜೆ ಹೊತ್ತು ಬಿಕರ್ನಕಟ್ಟೆಯ ಕೈಕಂಬದ ಟ್ರಾಫಿಕ್ ದಾಟಲಿಕ್ಕೇ ಅಷ್ಟು ಬೇಕು. ಇದು ಸ್ವಲ್ಪ ಕಡಿಮೆಯಾಯಿತೆಂದು ನನಗೇ ಅನ್ನಿಸಿತು. ಬಹುಶಃ ವಿಮಾನ ಕಂಪನಿಯವರು ಮೊದಲೇ ಕಳೆದು ಮುದ್ರಿಸಿರಬೇಕು, ಮತ್ತೊಮ್ಮೆ ಕಳೆಯುವುದು ಅಕ್ರಮ ಎಂದು ತೀರ್ಮಾನಿಸಿ ಐದು ಗಂಟೆಯನ್ನೇ ಊರ್ಜಿತಗೊಳಿಸಿದೆ.

ಆ ಹೊತ್ತಿಗೆ ಮೇಲಿನ ಮಹಡಿಯ ರಘುರಾಮ ಶೆಟ್ಟರು ಬಂದರು. ಅವರದ್ದು ಹೋಟೆಲ್ ವ್ಯವಹಾರ. ಒಮ್ಮೆ ದುಬೈಗೆ ಹೋಗಿ ಬಂದವರು.

"ಭಟ್ರೇ, ಮುಂಬೈಯಿಂದ ದುಬೈಗೇ ನನಗೆ ಮೂರು ಗಂಟೆ ಹಿಡಿದಿದೆ," ಎಂದರು. "ಲಂಡನ್ ಅದನ್ನೂ ದಾಟಿ ಎಲ್ಲಿಯೋ ಉಂಟಲ್ಲ ಮಾರಾಯ್ರೇ. ಐದು ಗಂಟೆಯಲ್ಲಿ ಹೇಗೆ ಮುಟ್ಟುವುದು?"

"ನೀವು ಹೋದದ್ದು ಯಾವಾಗ ಶೆಟ್ರೇ?"

"ಆಯ್ತು, ತುಂಬ ವರ್ಷ ಆಯ್ತು."

"ಹಾಗೆ ಹೇಳಿ! ಅದು ಆಗಿನ ವಿಮಾನ."

ಅವರ ಎದುರಿಗೇ ಮೊಬೈಲಿನಲ್ಲಿ ದೂರ ನೋಡಿದೆ. ಮುಂಬೈಯಿಂದ ಲಂಡನ್ನಿಗೆ ಸುಮಾರು ಏಳು ಸಾವಿರದ ಇನ್ನೂರು ಕಿಲೋಮೀಟರ್. ಐದರಿಂದ ಭಾಗಿಸಿದೆ. ಬಂದ ಉತ್ತರ ಶಬ್ದದ ವೇಗಕ್ಕಿಂತಲೂ ಹೆಚ್ಚಿತ್ತು. ಸ್ವಲ್ಪ ಬುದ್ಧಿಯಿರುವವನಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ತಲೆ ಎತ್ತಿ, "ನೋಡಿ, ವಿಜ್ಞಾನ ಎಷ್ಟು ಮುಂದುವರಿದಿದೆ!" ಎಂದೆ. ಶೆಟ್ಟರು, "ನನಗೆ ಅಕ್ಕಿ ಬೇಯುವ ಲೆಕ್ಕ ಗೊತ್ತು, ಇದು ಗೊತ್ತಿಲ್ಲ," ಎಂದು ಎದ್ದುಹೋದರು. ಅತ್ತೆ ಅಳಿಯನನ್ನು ಅಭಿಮಾನದಿಂದ ನೋಡಿದರು. ಆ ನೋಟ ಈಗಲೂ ನನ್ನನ್ನು ಚುಚ್ಚುತ್ತದೆ.

ವಿದ್ಯಾ ಮಾತ್ರ ಹೇಳಿದಳು: "ನಾಳೆ ಅಮ್ಮನಿಗೆ ಎಂತಾದರೂ ಆದರೆ ನೀವು ಲಂಡನ್ನಿನಲ್ಲೇ ಇರಿ. ಹಿಂದೆ ಬರುವುದು ಬೇಡ."

ಸಂಕಷ್ಟಿಯ ಹಿಂದಿನ ಸಂಜೆ ಬೇಗ ಊಟ ಮುಗಿಸಿ ಬಜಪೆಗೆ ಹೋದೆವು. ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಸುರಿಯುತ್ತಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ವಿದ್ಯಾಳ ಮುಖ ನೋಡಿ ನನಗೆ ಏನನ್ನಿಸಿತೋ, "ಹೆದರಬೇಡ. ಅತ್ತೆಯೊಟ್ಟಿಗೆ ನಾನೂ ನಾಳೆ ಉಪವಾಸ ಮಾಡ್ತೇನೆ," ಎಂದುಬಿಟ್ಟೆ. ಯಾರೂ ಕೇಳಿರಲಿಲ್ಲ. ಯಾವ ಒತ್ತಾಯವೂ ಇರಲಿಲ್ಲ. ಬೆಳಿಗ್ಗೆ ಎರಡು ದೋಸೆ ತಿನ್ನದಿದ್ದರೆ ಕಣ್ಣು ಮಂಜಾಗುವ ಮನುಷ್ಯ ನಾನು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅಷ್ಟಾದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ?

ಮುಂಬೈಯಲ್ಲಿ ಬೆಳಗಾಯಿತು. ಇಲ್ಲಿ ನಾನು ಮಾಡಿದ ಮತ್ತೊಂದು ಘನಕಾರ್ಯವನ್ನು ಹೇಳಬೇಕು. ಸಂಕಷ್ಟಿಯ ದಿನ ಅತ್ತೆ ಬೆಳಗಿನ ಶುಗರ್ ಮಾತ್ರೆ ತೆಗೆದುಕೊಳ್ಳುವ ಕ್ರಮವಿಲ್ಲ. ಹಾಗೆಂದು ಅವರ ಡಾಕ್ಟರೇ ಹೇಳಿದ್ದರಂತೆ. "ಪ್ರಯಾಣದ ದಿನ ಮಾತ್ರೆ ತಪ್ಪಿಸಬಾರದು ಅತ್ತೆ. ನೀರಿನಲ್ಲಿ ನುಂಗಿ. ಮಾತ್ರೆ ಆಹಾರ ಅಲ್ಲ," ಎಂದು ನಾನು ಆದೇಶ ಹೊರಡಿಸಿದೆ. ಡಾಕ್ಟರಿಗಿಂತ ದೊಡ್ಡವನು ಪ್ರಥಮ ದರ್ಜೆಯ ಅಳಿಯ! ಅತ್ತೆ ನುಂಗಿದರು.

ವಿಮಾನದಲ್ಲಿ ಅತ್ತೆಗೆ ಎಡಬದಿಯ ಕಿಟಕಿ ಸಿಕ್ಕಿತು. ನನಗೆ ನಡುವಿನ ಸೀಟು. ನನ್ನ ಬಲಕ್ಕೆ ಅಹಮದಾಬಾದಿನ ಒಬ್ಬ ಹಿರಿಯರು. ಮಡಿಲಲ್ಲಿ ಬಟ್ಟೆಯ ಚೀಲ. ಮೇಲೇರಿ ಮೋಡ ದಾಟಿದ್ದೇ ತಡ, ಚೀಲ ತೆರೆದು ಮೆಂತ್ಯೆಸೊಪ್ಪಿನ ಚಪಾತಿಯ ಕಟ್ಟು ಹೊರತೆಗೆದರು. ಥೇಪ್ಲಾ ಎಂದು ಅದರ ಹೆಸರು. ಆ ಪರಿಮಳದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಬರೆಯಲು ಶಕ್ತಿಯಿಲ್ಲ.

"ಅಳಿಯಂದಿರೇ, ಚಂದ್ರ!" ಎಂದರು ಅತ್ತೆ ಇದ್ದಕ್ಕಿದ್ದ ಹಾಗೆ.

ಬಗ್ಗಿ ನೋಡಿದೆ. ಹೌದು! ಬೆಳ್ಳಂಬೆಳಗಿನ ಆಕಾಶದಲ್ಲಿ, ಒಂದು ಬದಿ ಸವೆದ ಚಂದ್ರ, ತೊಳೆದ ತಟ್ಟೆಯ ಹಾಗೆ ಬಿಳುಚಿಕೊಂಡು ನಿಂತಿದ್ದ. ಕೂಡಲೇ ಎದುರಿನ ಊಟದ ಹಲಗೆಯನ್ನು ಬಿಡಿಸಿದೆ.

"ಚಂದ್ರ ಕಂಡಿತಲ್ಲ ಅತ್ತೆ! ಇನ್ನೇನು, ಅರ್ಘ್ಯ ಕೊಟ್ಟು ತಿಂಡಿ ತಿನ್ನುವ!"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ನಿನ್ನೆ ರಾತ್ರಿ ಹುಟ್ಟಿದ ಚಂದ್ರ. ಮುಳುಗಲಿಕ್ಕೆ ಹೋಗ್ತಾ ಉಂಟು. ತಂಗಳು ಚಂದ್ರನಿಗೆ ಯಾರಾದರೂ ಅರ್ಘ್ಯ ಕೊಡ್ತಾರಾ? ನೀವು ಎಂತ ಓದಿದ್ದು?"

ಸಾಮಾನ್ಯವಾಗಿ ಅಂಥ ಚಂದ್ರ ಸ್ವಲ್ಪ ಹೊತ್ತಿನಲ್ಲಿ ಮುಳುಗಬೇಕು. ಇವನು ಮುಳುಗಲಿಲ್ಲ. ನಮ್ಮ ವಿಮಾನ ಅವನ ಬೆನ್ನು ಹಿಡಿದು ಪಶ್ಚಿಮಕ್ಕೇ ಓಡುತ್ತಿತ್ತು. ಅವನು ಒಂದಿಷ್ಟು ಇಳಿಯುವಷ್ಟರಲ್ಲಿ ನಾವು ಮತ್ತಷ್ಟು ಹತ್ತಿರ ಹೋಗಿರುತ್ತಿದ್ದೆವು. ಕಿಟಕಿಯಲ್ಲಿ ಹಾಗೇ ನಿಂತು ಅಣಕಿಸಿದ. ತಿನ್ನಲಾಗದ ಚಂದ್ರ ಎಡಕ್ಕೆ, ತಿನ್ನಲಾಗದ ಥೇಪ್ಲಾ ಬಲಕ್ಕೆ. ನಡುವೆ ನಾನು.

ಬೇಸರ ಕಳೆಯಲು ಎದುರಿನ ಪರದೆಯ ಗುಂಡಿ ಒತ್ತಿದೆ. ನಕಾಶೆ ಬಂತು. ಅದರಲ್ಲಿ ಪುಟ್ಟ ವಿಮಾನವೊಂದು ಸಮುದ್ರದ ಮೇಲೆ ಇರುವೆಯಂತೆ ಕೂತಿತ್ತು. ಕೆಳಗೆ, ತಲುಪಲು ಉಳಿದ ಸಮಯ: ಎಂಟು ಗಂಟೆಗೂ ಹೆಚ್ಚು.

ನಾವು ಹೊರಟು ಆಗಲೇ ಒಂದು ಗಂಟೆ ದಾಟಿತ್ತು. ಪರದೆ ಕೆಟ್ಟಿದೆ ಎಂದುಕೊಂಡೆ. ಪಕ್ಕದವರ ಪರದೆ ನೋಡಿದೆ. ಅದೂ ಕೆಟ್ಟಿತ್ತು. ಗಗನಸಖಿಯನ್ನು ಕರೆದು, ನಿಮ್ಮ ಪರದೆಗಳೆಲ್ಲ ಒಟ್ಟಿಗೇ ಕೆಟ್ಟಿವೆ, ಇದು ಗಂಭೀರ ವಿಷಯ ಎಂದು ತಿಳಿಸಿದೆ. ಅವಳು ನಗುತ್ತಾ, ಇದು ಒಂಬತ್ತೂವರೆ ಗಂಟೆಯ ಪ್ರಯಾಣ ಸರ್, ಹನ್ನೆರಡು ಗಂಟೆ ಎಂದರೆ ಲಂಡನ್ನಿನ ಹನ್ನೆರಡು, ನಿಮ್ಮ ಊರಿನಲ್ಲಿ ಆಗ ಸಂಜೆ ನಾಲ್ಕೂವರೆ ಎಂದಳು. ಮಗುವಿಗೆ ಹೇಳುವ ಹಾಗೆ ಹೇಳಿದಳು.

ಕಳೆಯಬೇಕಾಗಿರಲಿಲ್ಲ. ಕೂಡಿಸಬೇಕಿತ್ತು!

ಆಗ ಮತ್ತೊಂದು ವಿಷಯ ಹೊಳೆಯಿತು. ಹೊತ್ತು ತಡವಾಗುವುದು ದೊಡ್ಡ ವಿಷಯವಲ್ಲ. ಚಂದ್ರ! ನಾವು ಚಂದ್ರೋದಯದಿಂದ ದೂರ ಓಡಿಹೋಗುತ್ತಿದ್ದೆವು. ಮಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಹುಟ್ಟುವ ಚಂದ್ರ ಲಂಡನ್ನಿನಲ್ಲಿ ಹುಟ್ಟುವುದು ಹತ್ತು ಗಂಟೆಗೆ, ಅದೂ ಅವರ ಹತ್ತು! ಮಂಗಳೂರಿನಲ್ಲೇ ಇದ್ದಿದ್ದರೆ ಅತ್ತೆ ಊಟ ಮಾಡಿ, ಒಂದು ನಿದ್ದೆ ಮುಗಿಸಿರುವ ಹೊತ್ತದು. ಅತ್ತೆಯ ಉಪವಾಸಕ್ಕೆ ಸರಿಸುಮಾರು ಐದು ಗಂಟೆ ಹೆಚ್ಚಾಗಿತ್ತು. ನಾನು ಮಾತು ಕೊಟ್ಟ ಐದು ಗಂಟೆ ಕೊನೆಗೂ ಸಿಕ್ಕಿತ್ತು. ಬೇರೆ ಕಡೆ ಸೇರಿಕೊಂಡಿತ್ತು, ಅಷ್ಟೇ.

ಅತ್ತೆಗೆ ಹೇಳಲಿಲ್ಲ. ವಿಜ್ಞಾನಿಗಳು ಸಂಶೋಧನೆಯನ್ನು ಪ್ರಕಟಿಸುವ ಮುನ್ನ ಯೋಚಿಸಬೇಕು.

ಆದರೆ ಅತ್ತೆಯ ದೇಹದೊಳಗೇ ಒಂದು ಗಡಿಯಾರವಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ಕೇಳಿದರು: "ಅಳಿಯಂದಿರೇ, ನನ್ನ ಹೊಟ್ಟೆಯಲ್ಲಿ ಮಧ್ಯಾಹ್ನ ಕಳೆಯಿತು. ಹೊರಗೆ ನೋಡಿದರೆ ಇನ್ನೂ ಬೆಳಿಗ್ಗೆಯೇ ಉಂಟು. ಐದು ಗಂಟೆ ಆಗಲಿಲ್ಲವಾ?"

"ಈಗ ಆಗ್ತದೆ ಅತ್ತೆ."

"ನೀವು ಯಾಕೆ ಬೆವರುವುದು?"

"ಏಸಿ ಕಡಿಮೆ ಉಂಟು."

ಏಸಿಯ ಚಳಿಗೆ ವಿಮಾನದಲ್ಲಿ ಎಲ್ಲರೂ ಕಂಬಳಿ ಹೊದ್ದು ಕೂತಿದ್ದರು.

ಅಷ್ಟರಲ್ಲಿ ಪಕ್ಕದ ಹಿರಿಯರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಊಟದ ತಟ್ಟೆಯನ್ನು ನಾನು ಹಿಂದಕ್ಕೆ ಕಳಿಸಿದ್ದನ್ನು ಅವರು ನೋಡಿದ್ದರು. ಒಂದು ಥೇಪ್ಲಾವನ್ನು ಸುರುಳಿ ಸುತ್ತಿ, ಒಳಗೆ ಉಪ್ಪಿನಕಾಯಿ ಸವರಿ, ಸದ್ದಿಲ್ಲದೆ ನನ್ನ ಕೈಗಿಟ್ಟರು. ಅತ್ತೆ ಕಣ್ಣು ಮುಚ್ಚಿ ಒರಗಿದ್ದರು. ನಾನು ಆಚೆ ಈಚೆ ನೋಡಿದೆ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಯಾರು ನೋಡುತ್ತಾರೆ? ಸುರುಳಿಯನ್ನು ಬಾಯಿಯವರೆಗೆ ತಂದೆ. ಮೆಂತ್ಯೆಯ ವಾಸನೆ ಮೂಗಿಗೆ ತಾಗಿತು. ಬಾಯಿ ತೆರೆದೆ.

ಅತ್ತೆಯ ತಲೆ ನನ್ನ ಭುಜದ ಮೇಲೆ ಬಿತ್ತು.

ನಿದ್ದೆ ಇರಬೇಕೆಂದುಕೊಂಡೆ. ಕೈ ಮುಟ್ಟಿದೆ. ತಣ್ಣಗಿತ್ತು; ಒದ್ದೆಯಾಗಿತ್ತು. ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ತುಟಿ ಏನೋ ಗೊಣಗುತ್ತಿತ್ತು, ಮಾತು ತೊದಲುತ್ತಿತ್ತು. "ಅತ್ತೆ! ಅತ್ತೆ!" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಥೇಪ್ಲಾ ಎಲ್ಲಿ ಹೋಯಿತೋ ಗೊತ್ತಿಲ್ಲ. ಕರೆಗಂಟೆಯ ಗುಂಡಿಯನ್ನು ಒತ್ತಿದೆ, ಮತ್ತೂ ಒತ್ತಿದೆ. ಟಿಂಗ್, ಟಿಂಗ್, ಟಿಂಗ್. ಇವತ್ತಿಗೂ ಯಾವುದಾದರೂ ಲಿಫ್ಟು ಟಿಂಗ್ ಎಂದರೆ ನಾನು ಗೋಡೆ ಹಿಡಿದುಕೊಳ್ಳುತ್ತೇನೆ. ಕಚೇರಿಗೆ ಮೆಟ್ಟಿಲಲ್ಲೇ ಹೋಗುತ್ತೇನೆ. ವ್ಯಾಯಾಮ ಎಂದು ಎಲ್ಲರೂ ಹೊಗಳುತ್ತಾರೆ.

ವಿಮಾನದಲ್ಲಿ ಡಾಕ್ಟರ್ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹಿಂದಿನ ಸಾಲುಗಳಿಂದ ಒಬ್ಬ ಡಾಕ್ಟರಮ್ಮ ಎದ್ದು ಬಂದರು. ದೇವರ ದಯೆಯೋ ನನ್ನ ಕರ್ಮವೋ, ಅವರು ಕಾಸರಗೋಡಿನವರು. ಅಂದರೆ ನನ್ನನ್ನು ಬೈಯಲು ಅವರಿಗೆ ಭಾಷೆಯ ತೊಂದರೆ ಇರಲಿಲ್ಲ.

ಬೆರಳಿನಿಂದ ರಕ್ತ ತೆಗೆದು ನೋಡಿದರು. "ಶುಗರ್ ತುಂಬ ಕಡಿಮೆ ಆಗಿದೆ. ಎಂತ ತಿಂದಿದ್ದಾರೆ?"

"ಏನೂ ಇಲ್ಲ. ಉಪವಾಸ."

"ಮಾತ್ರೆ?"

"ಅದು... ತೆಗೆದುಕೊಂಡಿದ್ದಾರೆ."

"ಹೊಟ್ಟೆಗೆ ಹಾಕದೆ ಶುಗರ್ ಮಾತ್ರೆ ಮಾತ್ರ ಹಾಕಿದ್ದಾ? ಯಾರು ಹೇಳಿದ್ದು ಹಾಗೆ?"

ನಾನು ಕಿಟಕಿಯ ಕಡೆ ನೋಡಿದೆ. ಚಂದ್ರನಾದರೂ ಉತ್ತರ ಕೊಟ್ಟಾನೇ ಎಂದು. ಆ ಹೊತ್ತಿಗೆ ಅವನು ಮುಳುಗಿ ತಪ್ಪಿಸಿಕೊಂಡಿದ್ದ.

"ನಿಮ್ಮ ತಾಯಿಯಾ?"

"ಅಲ್ಲ, ಅತ್ತೆ. ಹೆಂಡತಿಯ ತಾಯಿ."

"ಹಾಗಾದರೆ ಕೇಸೇ ಬೇರೆ ಮಾರಾಯ್ರೇ," ಎಂದು ಡಾಕ್ಟರಮ್ಮ ನನ್ನನ್ನು ಪೊಲೀಸಿನವರ ಕಣ್ಣಿನಿಂದ ನೋಡಿದರು.

ಗಗನಸಖಿ ಕಿತ್ತಳೆ ರಸ ತಂದಳು. ಡಾಕ್ಟರಮ್ಮ ಅದಕ್ಕೆ ಸಕ್ಕರೆ ಸುರಿದು ಅತ್ತೆಯ ಬಾಯಿಯ ಹತ್ತಿರ ಹಿಡಿದರು. ಅತ್ತೆ ಹಲ್ಲು ಕಚ್ಚಿದರು. ಅರ್ಧ ಪ್ರಜ್ಞೆಯಲ್ಲೂ ಆ ಹಲ್ಲುಗಳು ಬ್ಯಾಂಕಿನ ಲಾಕರಿನಂತಿದ್ದವು.

"ಕುಡಿಯಿರಿ ಅಮ್ಮ."

"ಚಂದ್ರ... ಬರಲಿ."

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೇನೆ," ಎಂದೆ. ನಿಜವಾಗಿಯೂ ಬೀಳಲು ನೋಡಿದೆ. ಎದುರಿನ ಸೀಟಿನ ನಡುವೆ ಬಗ್ಗಲು ಜಾಗವಿರಲಿಲ್ಲ.

"ಅವರನ್ನು ಕೇಳಿ," ಎಂದರು ಅತ್ತೆ. ಅವರು ಎಂದರೆ ಮಾವ.

ಡಾಕ್ಟರಮ್ಮ ಗಡಿಯಾರ ನೋಡಿದರು. "ಹೆಚ್ಚು ಕಾಯಲಿಕ್ಕೆ ಆಗುವುದಿಲ್ಲ. ಪ್ರಜ್ಞೆ ತಪ್ಪಿದರೆ ಮತ್ತೆ ಬಾಯಿಗೆ ಹಾಕಲಿಕ್ಕೂ ಆಗುವುದಿಲ್ಲ. ನಾನು ಇಂಜೆಕ್ಷನ್ ರೆಡಿ ಮಾಡ್ತೇನೆ. ಅಷ್ಟರಲ್ಲಿ ಕೇಳುವುದಿದ್ದರೆ ಕೇಳಿ."

ವಿಮಾನದಲ್ಲಿ ಮೆಸೇಜು ಕಳಿಸುವಷ್ಟು ಇಂಟರ್ನೆಟ್ ಇತ್ತು. ವಿದ್ಯಾಳಿಗೆ ಬರೆದೆ: ಅಮ್ಮನಿಗೆ ಶುಗರ್ ಇಳಿದಿದೆ, ಏನೂ ಕುಡಿಯುವುದಿಲ್ಲ ಎನ್ನುತ್ತಾರೆ, ಅಪ್ಪನ ಅಪ್ಪಣೆ ಬೇಕಂತೆ, ಬೇಗ.

ಕೂಡಲೇ ಉತ್ತರ ಬಂತು. "ನೀವಿನ್ನೂ ವಿಮಾನದಲ್ಲಿದ್ದೀರಾ? ಐದು ಗಂಟೆ ಅಂದಿರಲ್ಲ!"

ಹೆಂಡತಿಯರು ಪ್ರಶ್ನೆ ಕೇಳಲು ಆರಿಸಿಕೊಳ್ಳುವ ಸಮಯದ ಬಗ್ಗೆ ಯಾರಾದರೂ ಪ್ರಬಂಧ ಬರೆಯಬೇಕು. ನಾನು "ಬೇಗ!" ಎಂದಷ್ಟೇ ಬರೆದೆ.

ಆಮೇಲೆ ಮೊಬೈಲು ಸುಮ್ಮನಾಯಿತು. ಸಂಕಷ್ಟಿಯ ದಿನ ಮಾವನನ್ನು ಗರ್ಭಗುಡಿಯಿಂದ ಹೊರಗೆ ಕರೆಯುವುದೆಂದರೆ ಸುಲಭವಲ್ಲ. ನೂರಾರು ಜನ ಸಾಲಿನಲ್ಲಿರುತ್ತಾರೆ. ಅತ್ತೆಯ ಕೈ ನನ್ನ ಕೈಯಲ್ಲಿತ್ತು. ಅದು ಮತ್ತೂ ತಣ್ಣಗಾಗುತ್ತಿದೆ ಎನ್ನಿಸಿತು. ಇನ್ನು ಕೆಲವು ಗಂಟೆಗಳಲ್ಲಿ ಶುಭಾ ಬಾಗಿಲು ತೆರೆದು, ಮಗುವನ್ನು ಎತ್ತಿಕೊಂಡು, ಅಮ್ಮ ಎಲ್ಲಿ ಎಂದು ಕೇಳಿದರೆ? ನಾನು ಏನು ಹೇಳಲಿ? ಹನ್ನೆರಡರಿಂದ ಏಳು ಕಳೆದೆ ಎನ್ನಲೇ? ಆ ಕೆಲವು ನಿಮಿಷಗಳಲ್ಲಿ ನನಗೆ ನಗು, ವ್ಯಂಗ್ಯ ಏನೂ ಹೊಳೆದಿರಲಿಲ್ಲ. ಅದೆಲ್ಲ ಕುರ್ಚಿಯಲ್ಲಿ ಕೂತು ಬರೆಯುವಾಗ ಬರುವಂಥದ್ದು.

ಮೊಬೈಲು ಮಿನುಗಿತು. ಮಾವ ಹೇಳಿದ್ದನ್ನು ವಿದ್ಯಾ ಅಕ್ಷರ ಬಿಡದೆ ಬರೆದಿದ್ದಳು. ಗಟ್ಟಿಯಾಗಿ ಓದಿದೆ.

"ವ್ರತ ಹಿಡಿದವರಿಗೆ ಆಗದೆ ಹೋದರೆ ಮನೆಯವರಲ್ಲಿ ಒಬ್ಬರು ಮುಂದುವರಿಸಬಹುದು. ದೋಷವಿಲ್ಲ. ಅಳಿಯ ಉಪವಾಸ ಇದ್ದಾನಲ್ಲ? ಇನ್ನು ಮುಂದೆ ಆ ಉಪವಾಸ ಇವಳದ್ದು. ಅವನು ಚಂದ್ರೋದಯದವರೆಗೆ ಹಿಡಿಯಲಿ. ಇವಳು ಈ ಕ್ಷಣ ಸಕ್ಕರೆ ತಿನ್ನಲಿ."

ಅತ್ತೆಯ ಕಣ್ಣು ಅರ್ಧ ತೆರೆಯಿತು. "ಇದು... ನೀವೇ ಬರೆದದ್ದು."

"ಅಲ್ಲ ಅತ್ತೆ! ಮಾವನೇ!"

"ಸುಳ್ಳು."

ಕೆಳಗೆ ಇನ್ನೂ ಎರಡು ಸಾಲು ಇತ್ತು. ಅದನ್ನೂ ಓದಿದೆ. "ನಂಬದಿದ್ದರೆ ಇದನ್ನೂ ಹೇಳು. ಮದುವೆಯ ದಿನ ಧಾರೆಯವರೆಗೆ ಉಪವಾಸ ಕೂತ ಮದುಮಗಳು ಹೋಮದ ಹೊಗೆ ಕಣ್ಣಿಗೆ ಹೋಯಿತೆಂದು ಒಳಗೆ ಎದ್ದುಹೋಗಿ ಹೋಳಿಗೆ ತಿಂದು ಬಂದದ್ದು ನನಗೆ ಗೊತ್ತುಂಟು. ಬಾಯಿ ಒರಸಿಕೊಂಡಿರಲಿಲ್ಲ. ಗಣಪತಿ ಆಗ ಏನೂ ಮಾಡಲಿಲ್ಲ, ಈಗಲೂ ಮಾಡುವುದಿಲ್ಲ."

ಅತ್ತೆಯ ಕಣ್ಣು ಪೂರ್ತಿ ತೆರೆಯಿತು. ಬಿಳುಚಿದ ಕೆನ್ನೆಗೆ ಸ್ವಲ್ಪ ಬಣ್ಣ ಬಂತು.

"ಹೋಳಿಗೆ ಅಲ್ಲ," ಎಂದರು. "ಕಡಲೆಬೇಳೆಯ ಹಯಗ್ರೀವ."

ಮತ್ತೆ ಬಾಯಿ ತೆರೆದರು. ಡಾಕ್ಟರಮ್ಮ ಕಿತ್ತಳೆ ರಸ ಸುರಿದರು. ಇಂಜೆಕ್ಷನ್ ಹಾಗೇ ಪೆಟ್ಟಿಗೆಗೆ ಹೋಯಿತು. ನಾನು ಅತ್ತುಬಿಟ್ಟೆ. ಜೋರಾಗಿಯೇ. ಗಗನಸಖಿ ಕೊಟ್ಟ ಕಾಗದದ ಕರವಸ್ತ್ರಗಳು ಎಲ್ಲವೂ ಮುಗಿದವು.

ಸ್ವಲ್ಪ ಹೊತ್ತಿನಲ್ಲಿ ಅತ್ತೆ ನೆಟ್ಟಗೆ ಕೂತರು. ಪಕ್ಕದ ಹಿರಿಯರು ಗೌರವದಿಂದ ಥೇಪ್ಲಾದ ಕಟ್ಟನ್ನು ಪೂರ್ತಿಯಾಗಿ ನನ್ನ ಮೇಲಿನಿಂದ ದಾಟಿಸಿದರು. ಇದರಲ್ಲಿ ನೀರುಳ್ಳಿ ಉಂಟಾ ಎಂದು ಕೇಳಲು ಅತ್ತೆ ನನ್ನನ್ನೇ ದುಭಾಷಿಯಾಗಿ ನೇಮಿಸಿದರು. ಇಲ್ಲ ಎಂದು ಖಚಿತವಾದ ಮೇಲೆ ಒಂದರ ಮೇಲೊಂದು ತಿಂದರು.

"ಒಳ್ಳೆ ಮೆದು ಉಂಟು," ಎಂದರು ನನ್ನ ಕಡೆ ತಿರುಗಿ. "ನೀವು ನಿಜವಾಗಿಯೂ ಏನೂ ತಿನ್ನಲಿಲ್ಲವಲ್ಲ ಅಳಿಯಂದಿರೇ? ನೀವು ತಿಂದರೆ ನನ್ನ ವ್ರತ ಕೆಟ್ಟಿತು."

"ಇಲ್ಲ ಅತ್ತೆ."

ಅದು ಸತ್ಯ. ಥೇಪ್ಲಾಕ್ಕೂ ನನ್ನ ಬಾಯಿಗೂ ನಡುವೆ ಉಳಿದಿದ್ದ ಎರಡು ಅಂಗುಲದ ಸತ್ಯ.

ಲಂಡನ್ನಿಗೆ ಇಳಿದಾಗ ಬಿಸಿಲು. ಶುಭಾಳ ಮನೆ ಮುಟ್ಟಿದಾಗ ಬಿಸಿಲು. ಅತ್ತೆ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಮಗಳಿಗೆ ಮೆಣಸಿನ ಸಾರು ಮಾಡಿ, ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಉಂಡು, ಪಾತ್ರೆ ತೊಳೆದು ಮುಗಿದಾಗಲೂ ಬಿಸಿಲು! ನಮ್ಮ ಊರಿನ ಸೂರ್ಯನಿಗೆ ಸಂಜೆಯಾದರೆ ಮನೆಗೆ ಹೋಗುವ ಅಭ್ಯಾಸವಿದೆ. ಅಲ್ಲಿನವನಿಗೆ ಮನೆಯೇ ಇದ್ದಂತಿಲ್ಲ. ನಾನು ಸೋಫಾದಲ್ಲಿ ಮಲಗಿ ಚಾವಣಿಯ ಬಿರುಕುಗಳನ್ನು ಚಕ್ಕುಲಿಗಳಾಗಿ ನೋಡುತ್ತಿದ್ದೆ.

ಮಂಗಳೂರಿನಲ್ಲಿ ಚಂದ್ರೋದಯವಾಗಿ ಸ್ವಲ್ಪ ಹೊತ್ತಿಗೆ ವಿದ್ಯಾ ವಿಡಿಯೋ ಕಾಲ್ ಮಾಡಿದಳು. ಮಳೆ ಬಿಟ್ಟಿತ್ತು, ತಾರಸಿಯ ಮೇಲೆ ಚಂದ್ರ ಕಾಣುತ್ತಿದ್ದ. ನಾನು ಎದ್ದು ಕೂತೆ. "ಚಂದ್ರ ಬಂತು ಅತ್ತೆ! ಇದು ಇವತ್ತಿನದ್ದೇ! ತಂಗಳಲ್ಲ!"

"ಅಲ್ಲಿ ಬಂತು," ಎಂದರು ಅತ್ತೆ ಮಗುವಿನ ಬಟ್ಟೆ ಮಡಿಸುತ್ತಾ. "ನೀವು ಇರುವುದು ಇಲ್ಲಿ."

ಪರದೆಯಲ್ಲಿ ಮಾವನ ಮುಖ ಬಂತು. ಊಟ ಮುಗಿಸಿ ವೀಳ್ಯ ಮೆಲ್ಲುತ್ತಿದ್ದರು. "ಅವಳು ಹೇಳಿದ್ದು ಸರಿ," ಎಂದರು.

ಕೊನೆಗೂ ರಾತ್ರಿ ಹತ್ತು ಗಂಟೆ ಕಳೆದಾಗ ಚಂದ್ರ ಬಂದ. ಆದರೆ ಎದುರಿನ ಮನೆಯ ಮಾಡು ಅಡ್ಡವಿತ್ತು. ಅತ್ತೆ ತಂಬಿಗೆಯಲ್ಲಿ ನೀರು ಕೊಟ್ಟು ನನ್ನನ್ನು ರಸ್ತೆಗೆ ಕಳಿಸಿದರು. ಎರಡು ಹೊಗೆಗೂಡುಗಳ ನಡುವಿನ ಸಂದಿಗೆ ಮುಖಮಾಡಿ, ತಂಬಿಗೆ ಎತ್ತಿ ಹಿಡಿದು ನಿಂತೆ. ನಾಯಿಯನ್ನು ತಿರುಗಾಡಿಸುತ್ತಿದ್ದ ಬಿಳಿಯನೊಬ್ಬ ನಿಂತು, ಸಹಾಯ ಬೇಕೇ ಎಂದು ಕೇಳಿದ. ಚಂದ್ರನಿಗಾಗಿ ಕಾಯುತ್ತಿದ್ದೇನೆ, ಅವನು ಬಂದರೆ ಊಟ ಮಾಡಬಹುದು ಎಂದೆ. ಅವನು ನಾಯಿಯನ್ನು ಎತ್ತಿಕೊಂಡು ಓಡಿದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಶುಭಾ ಮರುದಿನವೇ ಅತ್ತೆಯನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದಳು. ಇನ್ನು ಮುಂದೆ ಉಪವಾಸ ಕೂಡದು ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಅತ್ತೆ ಮೂರು ದಿನ ಮುಖ ಸಣ್ಣ ಮಾಡಿ ಕೂತರು. ಆಮೇಲೆ ಮಾವ, ಅತ್ತೆ, ವಿದ್ಯಾ, ಶುಭಾ ನಾಲ್ವರೂ ಫೋನಿನಲ್ಲಿ ಸಮಾಲೋಚನೆ ನಡೆಸಿ ಒಮ್ಮತಕ್ಕೆ ಬಂದರು. ನಾನು ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದಾಗ ನನ್ನ ನೇಮಕವಾಗಿತ್ತು. ಅತ್ತೆಯ ಸಂಕಷ್ಟಿ ವ್ರತಕ್ಕೆ ಅಳಿಯನೇ ಕಾಯಂ ಪ್ರತಿನಿಧಿ!

ಹತ್ತು ದಿನ ಮುಗಿಸಿ ನಾನು ಮಂಗಳೂರಿಗೆ ಹಿಂದಿರುಗಿದೆ. ಅತ್ತೆ ಇನ್ನೂ ಆರು ತಿಂಗಳು ಅಲ್ಲಿರುತ್ತಾರೆ. ಮುಂದಿನ ಸಂಕಷ್ಟಿ ಬಂತು. ದಿನವಿಡೀ ನೀರು ಕುಡಿದು, ಶಕ್ತಿನಗರದ ತಾರಸಿಯಲ್ಲಿ ಚಂದ್ರನನ್ನು ಕಣ್ತುಂಬ ನೋಡಿ, ಊಟಕ್ಕೆ ಕೂತೆ. ವಿದ್ಯಾ ಬಾಳೆಲೆಯನ್ನು ಎತ್ತಿಟ್ಟಳು.

"ಎಂತ?" ಎಂದೆ.

"ಅಪ್ಪನನ್ನು ಕೇಳಿದೆ. ವ್ರತ ಅಮ್ಮನದ್ದು. ಅಮ್ಮ ಇರುವುದು ಲಂಡನ್ನಿನಲ್ಲಿ. ಹಾಗಾಗಿ ಅಲ್ಲಿನ ಚಂದ್ರೋದಯ ಆಗಬೇಕಂತೆ."

"ಅಲ್ಲ ಮಾರಾಯ್ತಿ, ಹೊಟ್ಟೆ ಇರುವುದು ಮಂಗಳೂರಿನಲ್ಲಿ!"

"ಅಲ್ಲಿ ಚಂದ್ರ ಹುಟ್ಟಲಿಕ್ಕೆ ಇನ್ನೆಷ್ಟು ಹೊತ್ತು ಉಂಟು? ನೀವೇ ಲೆಕ್ಕ ಹಾಕಿ ಹೇಳಿ."

ನಾನು ಲೆಕ್ಕ ಹಾಕಲಿಲ್ಲ. ಆ ಕೆಲಸವನ್ನು ಬಿಟ್ಟಿದ್ದೇನೆ. ಅತ್ತೆಗೇ ಫೋನ್ ಮಾಡಿ, ಅಲ್ಲಿ ಚಂದ್ರ ಕಂಡ ಕೂಡಲೇ ತಿಳಿಸಿ, ನೀವು ಉಣ್ಣಿ ಎಂದಾಗ ಉಣ್ಣುತ್ತೇನೆ ಎಂದು ವಿನಂತಿಸಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಗೋಡೆಗೊರಗಿ, ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಕಾದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಕೊನೆಗೆ ಅತ್ತೆಯ ಫೋನು ಬಂತು. ಅವರು ಬಾಯಲ್ಲಿ ಏನೋ ಅಗಿಯುತ್ತಿದ್ದರು. ಹಪ್ಪಳವಿರಬೇಕು, ಮುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಅಳಿಯಂದಿರೇ," ಎಂದರು, "ಇಲ್ಲಿ ಸ್ವಲ್ಪ ಮೋಡ ಉಂಟು. ಕಾಯಿರಿ."